ಕರ್ವ್‌ಗೆ ಒಂದು ಹೆಸರು ಬೇಕು

ಐಟಿ ಕಂಪನಿಗಳಲ್ಲಿ ಅಪ್ರೈಸಲ್ ಕಾಲ ಬಂತೆಂದರೆ ಕೆಫೆಟೇರಿಯಾದಲ್ಲಿ ಮಾತು ಕಡಿಮೆಯಾಗುತ್ತದೆ. ಮನೆಯವರು ‘ಈ ಸಲ ಹೈಕ್ ಎಷ್ಟು?’ ಅಂತ ಕೇಳುತ್ತಾರೆ. ಒಳಗಿರುವವರ ಚಿಂತೆಯೇ ಬೇರೆ, ಕೊನೆಯ ರೇಟಿಂಗ್ ಯಾರ ತಲೆಗೆ ಬೀಳುತ್ತದೋ ಎಂದು.

ಟೀಮ್ ಲೀಡ್ ಆಗಿದ್ದಾಗ ಅಂಥದ್ದೊಂದು ರೇಟಿಂಗ್ ಮೀಟಿಂಗಿನಲ್ಲಿ ಕೂತಿದ್ದೆ. ನಮ್ಮ ಪ್ರಾಜೆಕ್ಟ್ ಹೊತ್ತಿಗೆ ಸರಿಯಾಗಿ ಮುಗಿದಿತ್ತು, ಕ್ಲೈಂಟ್ ಮೆಚ್ಚಿ ಮೇಲ್ ಬರೆದಿದ್ದ. ಎಚ್‌ಆರ್ ಮೇಡಂ ಎಕ್ಸೆಲ್ ಶೀಟ್ ತೆರೆದು, “ಸರ್, ನಿಮ್ಮ ಟೀಮು ಕರ್ವ್‌ಗೆ ಫಿಟ್ ಆಗ್ತಾ ಇಲ್ಲ. ಕೆಳಗಡೆ ಇನ್ನೂ ಒಂದು ಹೆಸರು ಬೇಕು” ಅಂದರು. ಎಲ್ಲರೂ ಕೆಲಸ ಮಾಡಿದ್ದಾರೆ ಮೇಡಂ, ಅಂದೆ. “ಅದು ಸರಿ ಸರ್, ಆದ್ರೆ ಹೆಸರು ಬೇಕಲ್ಲ.” ಡೆಲಿವರಿ ಮ್ಯಾನೇಜರು ಮೌಸ್ ಎಳೆದುಕೊಂಡು, ಬಾಣಂತನ ಮುಗಿಸಿ ಬಂದಿದ್ದ ಹುಡುಗಿಯ ಸಾಲಿನ ಮೇಲೆ ನಿಲ್ಲಿಸಿದರು. “ಆರು ತಿಂಗಳು ಇರ್ಲೇ ಇಲ್ವಲ್ಲ. ಇವರಿಗೆ ಹಾಕಿದ್ರೆ ಯಾರೂ ಕೇಳಲ್ಲ.” ಕಾನೂನೇ ಕೊಟ್ಟ 26 ವಾರದ ರಜೆ ಅದು! ನಾನು ಒಪ್ಪಲಿಲ್ಲ. ಒಪ್ಪದಿದ್ದರೂ ಆ ಸಾಲು ಕೆಂಪಾಯಿತು.

ಬೆಲ್ ಕರ್ವ್ ಅಂದರೆ ಇಷ್ಟೇ: ಯಾವ ಗುಂಪಿನಲ್ಲೂ ಕೆಲವರು ಅತ್ಯುತ್ತಮ, ಬಹುಪಾಲು ಸಾಧಾರಣ, ಕೆಲವರು ಕಳಪೆ ಇರಲೇಬೇಕು ಎಂಬ ಲೆಕ್ಕ. ಕೆಲಸ ನೋಡುವ ಮೊದಲೇ ಕಳಪೆಯವರ ಸಂಖ್ಯೆ ನಿಗದಿಯಾಗಿರುತ್ತದೆ. ಇದಕ್ಕೆ ಹೆಸರು ತಂದುಕೊಟ್ಟವರು 1981ರಿಂದ 2001ರವರೆಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ನಡೆಸಿದ ಜ್ಯಾಕ್ ವೆಲ್ಚ್. ಮೇಲಿನ ಶೇ. 20 ಜನಕ್ಕೆ ಬಹುಮಾನ, ನಡುವಿನ 70 ಉಳಿಯಲಿ, ಕೊನೆಯ 10 ಮನೆಗೆ. ಮೈಕ್ರೋಸಾಫ್ಟ್ ಇಂಥದೇ ಪದ್ಧತಿಯನ್ನು ವರ್ಷಗಟ್ಟಲೆ ಇಟ್ಟುಕೊಂಡು 2013ರ ನವೆಂಬರಿನಲ್ಲಿ ಕೈಬಿಟ್ಟಿತು. ಜಾಣರು ಜಾಣರಿರುವ ಟೀಮಿಗೆ ಹೋಗಲು ಹಿಂಜರಿಯುತ್ತಿದ್ದರು ಎಂದು ಅಲ್ಲಿ ದುಡಿದವರೇ ಹೇಳಿದ್ದಾರೆ. ಸಹಜವೇ, ಅಲ್ಲಿಯೂ ಒಬ್ಬರು ಕೊನೆಯವರಾಗಬೇಕಲ್ಲ!

ಅಮೆಜಾನ್ ಬಗ್ಗೆ 2015ರ ಆಗಸ್ಟಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆದ ದೀರ್ಘ ವರದಿಯಲ್ಲಿ, ಕ್ಯಾನ್ಸರ್, ಗರ್ಭಪಾತದಂಥ ಕಷ್ಟದಲ್ಲಿದ್ದವರನ್ನೂ ಕರುಣೆಯಿಲ್ಲದೆ ಅಳೆದರೆಂಬ ದೂರುಗಳಿದ್ದವು. ಇದು ನನಗೆ ಗೊತ್ತಿರುವ ಅಮೆಜಾನ್ ಅಲ್ಲ ಎಂದು ಜೆಫ್ ಬೆಜೋಸ್ ನೌಕರರಿಗೆ ಪತ್ರ ಬರೆದರು. ಮೇಲೆ ಕೂತವರಿಗೆ ಗೊತ್ತಾಗದಿರುವುದೂ ಸಾಧ್ಯ ಅನ್ನಿ. ಅವರ ತನಕ ಹೋಗುವುದು ಬರೀ ಅಂಕಿ.

ಕೆಂಪು ಸಾಲಿನ ನಂತರ ಪಿಐಪಿ, ಅಂದರೆ ಸುಧಾರಿಸಿಕೊಳ್ಳಲು ಗಡುವು. ಆಮೇಲೆ ಒಂದು ಮಧ್ಯಾಹ್ನ ಚಿಕ್ಕ ರೂಮಿಗೆ ಕರೆದು, ‘ನೀವೇ ಪೇಪರ್ ಹಾಕಿಬಿಡಿ, ರಿಲೀವಿಂಗ್ ಲೆಟರ್ ಚೆನ್ನಾಗಿ ಕೊಡ್ತೀವಿ’ ಎಂಬ ಮಾತು. ಕಂಪನಿಯೇ ತೆಗೆದರೆ ಅದು ರಿಟ್ರೆಂಚ್‌ಮೆಂಟ್ ಆಗಬಹುದು. ಆಗ ಒಂದು ತಿಂಗಳ ನೋಟಿಸ್, ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳದಷ್ಟು ಪರಿಹಾರ ಎಂದು 1947ರ ಔದ್ಯೋಗಿಕ ವಿವಾದಗಳ ಕಾಯ್ದೆಯೇ ಬರೆದಿತ್ತು. ರಾಜೀನಾಮೆಯಾದರೆ ಇದ್ಯಾವುದೂ ಇಲ್ಲ. ಐಟಿಯವರು ‘ವರ್ಕ್‌ಮನ್’ ಹೌದೋ ಅಲ್ಲವೋ ಎಂಬ ಜಗಳ ಬೇರೆ. ಸೇವಾ ಷರತ್ತುಗಳನ್ನು ಬರೆದಿಡಲೇಬೇಕೆನ್ನುವ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದಂತೂ ಕರ್ನಾಟಕ ಸರ್ಕಾರ 2014ರಲ್ಲಿ ಐಟಿ ಕಂಪನಿಗಳಿಗೆ ಐದು ವರ್ಷದ ವಿನಾಯಿತಿ ಕೊಟ್ಟು, ಆಮೇಲೆ ಅದನ್ನು ಮುಂದುವರಿಸಿತು. ನೌಕರರನ್ನು ತೆಗೆದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕೆಂಬ ಷರತ್ತಿತ್ತು, ನಿಜ. ತಾವಾಗಿ ಬಿಟ್ಟುಹೋದವರ ವಿಷಯ ತಿಳಿಸುವುದೇನಿದೆ?

2017ರಲ್ಲಿ ಹುಟ್ಟಿದ ಐಟಿ ನೌಕರರ ಸಂಘ ಕಿಟು ಇಂಥ ದೂರುಗಳನ್ನು ಹಿಡಿದು ಇಲಾಖೆಯ ಮೆಟ್ಟಿಲು ಹತ್ತುತ್ತಿದೆ. ಹಳೆಯ ಸಹೋದ್ಯೋಗಿಯೊಬ್ಬರ ಜೊತೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ನಾನೂ ಹೋಗಿದ್ದೆ. ಅಧಿಕಾರಿ ತಾಳ್ಮೆಯಿಂದ ಕೇಳಿಸಿಕೊಂಡು, ಒತ್ತಾಯದಿಂದ ಬರೆಸಿಕೊಂಡರು ಅನ್ನುವುದಕ್ಕೆ ಮೇಲ್, ಮೆಸೇಜ್ ಏನಾದರೂ ಇದೆಯಾ ಅಂದರು. ಇತ್ತು, ಎಲ್ಲವೂ ಆಫೀಸಿನ ಲ್ಯಾಪ್‌ಟಾಪಿನಲ್ಲಿ. ಅದನ್ನು ರಾಜೀನಾಮೆ ಕೊಟ್ಟ ದಿನವೇ ಸೆಕ್ಯುರಿಟಿಯವರು ಎಣಿಸಿ, ಚಾರ್ಜರ್ ಸಮೇತ ವಾಪಸ್ ಪಡೆದಿದ್ದರು.