ಹೊಳೆಯ ತಳದ ಜರಡಿ

ವನಗೂರು, ಬಿಸಿಲೆ ಆಸುಪಾಸಿನ ಬೆಟ್ಟಸಾಲಿನಲ್ಲಿ ಸುರಿಯುವ ಮಳೆಯು ಪಶ್ಚಿಮಕ್ಕೆ ಇಳಿದರೆ ಕುಮಾರಧಾರೆಯನ್ನೂ, ಪೂರ್ವಕ್ಕೆ ಹರಿದರೆ ಹೇಮಾವತಿಯ ಮೂಲಕ ಕಾವೇರಿಯನ್ನೂ ಸೇರುತ್ತದೆ. ಇಂತಹ ನದಿಗಳ ತಳದ ಮರಳಿನಲ್ಲಿ ಅರ್ಧ ಹೂತುಕೊಂಡು ಬಾಳುವ ಸಿಹಿನೀರಿನ ಕಪ್ಪೆಚಿಪ್ಪು, ಎರಡು ಚಿಪ್ಪುಗಳ ನಡುವೆ ಮೆದು ದೇಹವನ್ನು ಅಡಗಿಸಿಕೊಂಡ ಮೃದ್ವಂಗಿ. ಅದು ನೀರನ್ನು ಒಳಗೆಳೆದುಕೊಂಡು, ಉಸಿರಾಟದ ಅಂಗವೂ ಜರಡಿಯೂ ಆಗಿರುವ ಕಿವಿರುಗಳಲ್ಲಿ ಪಾಚಿ, ಬ್ಯಾಕ್ಟೀರಿಯಾ ಮತ್ತು ಕೊಳೆತ ಕಣಗಳನ್ನು ಸೋಸಿ, ತಿಳಿಯಾದ ನೀರನ್ನು ಹೊರಬಿಡುತ್ತದೆ. ಬೇಡವಾದುದನ್ನು ಲೋಳೆಯಲ್ಲಿ ಸುತ್ತಿ ತಳಕ್ಕೆ ಬೀಳಿಸುವುದರಿಂದ ಅಲ್ಲಿನ ಹುಳುಗಳಿಗೆ ಆಹಾರ ದೊರೆಯುತ್ತದೆ.

ಇದರ ಬಹುತೇಕ ಪ್ರಭೇದಗಳ ಮರಿಗಳು, ಅಂದರೆ ಗ್ಲೊಕಿಡಿಯಾ ಎಂಬ ಸೂಕ್ಷ್ಮ ಡಿಂಭಗಳು, ಮೀನಿನ ಕಿವಿರಿಗೋ ರೆಕ್ಕೆಗೋ ಕಚ್ಚಿಕೊಂಡು ಕೆಲಕಾಲ ಬೆಳೆಯಬೇಕಾದುದರಿಂದ, ಮೀನು ಅಳಿದ ಹೊಳೆಯಲ್ಲಿ ಕಪ್ಪೆಚಿಪ್ಪಿನ ಸಂತತಿಯೂ ನಿಲ್ಲುತ್ತದೆ.

ನೆರೆಯ ಭದ್ರಾ ನದಿಯ ಸೀಮೆಯಿಂದ, ಅಂದಿನ ಕಡೂರು ಜಿಲ್ಲೆಯಿಂದ, 1898ರಲ್ಲಿ ಇ. ಎ. ಸ್ಮಿತ್ ವಿವರಿಸಿದ ಸ್ಯೂಡೊಮುಲ್ಲೇರಿಯಾ ಡಾಲಿಯಿ ಎಂಬ ಅಪೂರ್ವ ಪ್ರಭೇದವಂತೂ ಮರಳಿನಲ್ಲಿ ಹೂತುಕೊಳ್ಳದೆ, ತನ್ನ ಒಂದು ಚಿಪ್ಪನ್ನು ಬಂಡೆಗೆ ಗಾರೆಯಂತೆ ಬೆಸೆದುಕೊಂಡು ಒಂದೇ ಸ್ಥಳದಲ್ಲಿ ಆಯುಷ್ಯ ಕಳೆಯುತ್ತದೆ. ಪಶ್ಚಿಮ ಘಟ್ಟಗಳಿಗೇ ಸೀಮಿತವಾದ ಈ ಜೀವಿ ಕರ್ನಾಟಕದ ಹೆಮ್ಮೆಯೆನ್ನಲು ಅಡ್ಡಿಯಿಲ್ಲ.

ಓಡಲಾರದ ಕಪ್ಪೆಚಿಪ್ಪಿಗೆ ಅಪಾಯಗಳು ಹಲವು. ಮರಳುಗಾರಿಕೆ ಅದರ ನೆಲೆಯನ್ನೇ ಬಾಚಿಕೊಂಡು ಹೋಗುತ್ತದೆ, ಅಣೆಕಟ್ಟು ಮೀನುಗಳ ದಾರಿಯನ್ನು ತಡೆಯುತ್ತದೆ. ಕಾಫಿ ತೋಟಗಳಲ್ಲಿ ಎಲೆತುಕ್ಕು ರೋಗಕ್ಕೆ ಸಿಂಪಡಿಸುವ ಬೋರ್ಡೊ ದ್ರಾವಣದ ಮೈಲುತುತ್ತದಲ್ಲಿರುವ ತಾಮ್ರವು ಮಳೆನೀರಿನೊಡನೆ ಹಳ್ಳಕ್ಕೆ ಇಳಿದರೆ, ಅತ್ಯಲ್ಪ ಪ್ರಮಾಣದಲ್ಲಿಯೂ ಮೊದಲು ಬಲಿಯಾಗುವವು ಈ ಡಿಂಭಗಳು ಮತ್ತು ಎಳೆಯ ಕಪ್ಪೆಚಿಪ್ಪುಗಳೇ.