ಕರ್ತೃಪದವೂ ಕ್ರಿಯಾಪದವೂ: ಇಂಗ್ಲಿಷ್ ವಾಕ್ಯದಲ್ಲಿ ಕನ್ನಡಿಗನ ತೊಡಕು

ಮುಂಬಯಿಗೆ ಬಂದು ನೆಲಸಿದ ಕನ್ನಡಿಗರಿಗೆ ಇಂಗ್ಲಿಷು ಬಹುಕಾಲದಿಂದಲೂ ಜೀವನೋಪಾಯದ ಭಾಷೆಯಾಗಿದೆ. ಹಗಲಲ್ಲಿ ಉಪಾಹಾರಗೃಹಗಳಲ್ಲಿ ದುಡಿದು, ಇರುಳಲ್ಲಿ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಮುಂದೆ ಫೋರ್ಟ್ ವಿಭಾಗದ ಕಚೇರಿಗಳಲ್ಲಿ ಗುಮಾಸ್ತರಾಗಿ ಸೇರಿದ ದಕ್ಷಿಣ ಕನ್ನಡದ ತರುಣರ ವೃತ್ತಾಂತವು ಈ ನಗರದ ಕನ್ನಡಿಗರ ಚರಿತ್ರೆಯ ಒಂದು ಮುಖ್ಯ ಭಾಗ. ಇಂತಹ ಕಲಿಕೆಯಲ್ಲಿ ಶಬ್ದಸಂಪತ್ತು ಬೇಗನೆ ಕೈಗೂಡುತ್ತದೆ. ಉಚ್ಚಾರಣೆಯೂ ಕಾಲಕ್ರಮದಲ್ಲಿ ತಿದ್ದಿಕೊಳ್ಳುತ್ತದೆ. ಕೊನೆಯವರೆಗೂ ಕಾಡುವುದು ‘ಈಸ್’ ಎನ್ನಬೇಕೋ ‘ಆರ್’ ಎನ್ನಬೇಕೋ, ‘ಹ್ಯಾಸ್’ ಬರೆಯಬೇಕೋ ‘ಹ್ಯಾವ್’ ಬರೆಯಬೇಕೋ ಎಂಬ ಸಂದೇಹ. ಅರ್ಜಿಯೊಂದರಲ್ಲಿ ಈ ಒಂದಕ್ಷರ ತಪ್ಪಿದರೆ ಸಾಕು, ಬರೆದವನು ಅಲ್ಪಶಿಕ್ಷಿತನೆಂದು ಓದಿದವರು ತೀರ್ಮಾನಿಸಿಬಿಡುತ್ತಾರೆ. ಆದರೆ ಈ ತಪ್ಪುಗಳನ್ನು ಒಂದೆಡೆ ಕೂಡಿಸಿ ನೋಡಿದರೆ ಅವು ಮನಬಂದಂತೆ ಆದುವಲ್ಲವೆಂದೂ, ಬಹುಪಾಲು ಕನ್ನಡ ವ್ಯಾಕರಣದ ಒಂದೊಂದು ನಿಯಮವನ್ನೇ ಅನುಸರಿಸಿ ಬಂದುವೆಂದೂ ತಿಳಿಯುತ್ತದೆ.

ಮೊದಲು ಎರಡು ಭಾಷೆಗಳ ಪದ್ಧತಿಯನ್ನು ನೋಡಬಹುದು. ಕನ್ನಡದಲ್ಲಿ ಆಖ್ಯಾತಪ್ರತ್ಯಯವು ಕರ್ತೃವಿನ ಪುರುಷ, ವಚನ, ಲಿಂಗಗಳನ್ನು ಹೊತ್ತಿರುತ್ತದೆ. ಸುಮಾರು ೧೨೬೦ರಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ಆಖ್ಯಾತಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಹೊಸಗನ್ನಡದಲ್ಲಿ ಬಂದೆನು, ಬಂದೆ, ಬಂದನು, ಬಂದಳು, ಬಂದಿತು, ಬಂದೆವು, ಬಂದಿರಿ, ಬಂದರು, ಬಂದುವು ಎಂದು ಒಂಬತ್ತು ರೂಪಗಳಿವೆ. ಇವೆಲ್ಲಕ್ಕೂ ಇಂಗ್ಲಿಷಿನಲ್ಲಿ ‘ಕೇಮ್’ ಎಂಬುದೊಂದೇ ರೂಪ. ಪ್ರಾಚೀನ ಇಂಗ್ಲಿಷಿನಲ್ಲಿಯೂ ಕ್ರಿಯಾಪದಕ್ಕೆ ಪುರುಷವಚನಗಳ ಪ್ರತ್ಯಯಗಳು ಹಲವಿದ್ದುವು. ಅವು ಶತಮಾನಗಳ ಬಳಕೆಯಲ್ಲಿ ಸವೆದುಹೋಗಿ, ವರ್ತಮಾನಕಾಲದ ಪ್ರಥಮಪುರುಷ ಏಕವಚನದ ‘ಸ್’ ಒಂದು ಉಳಿಯಿತು. ಇದರ ಹೊರತು ‘ಹ್ಯಾಸ್-ಹ್ಯಾವ್’, ‘ಆಮ್-ಈಸ್-ಆರ್’, ‘ವಾಸ್-ವರ್’ ಇಷ್ಟೇ ಭೇದಗಳು. ಹೀಗಾಗಿ ಕನ್ನಡಿಗನ ಕಷ್ಟಕ್ಕೆ ಇಂಗ್ಲಿಷಿನ ನಿಯಮಗಳು ಹೆಚ್ಚಾಗಿರುವುದು ಕಾರಣವಲ್ಲ. ನಿಯಮವು ಅಲ್ಪವಾಗಿರುವುದೇ ಕಾರಣ. ‘ಅವಳು ಬಂದನು’ ಎಂದರೆ ಕನ್ನಡದ ಕಿವಿಗೆ ಒಡನೆಯೇ ಮುಳ್ಳು ತಾಗಿದಂತಾಗುತ್ತದೆ. ‘ಶಿ ಕಮ್’ ಎಂದರೆ ಅರ್ಥಕ್ಕೆ ಕೊರತೆಯಿಲ್ಲದುದರಿಂದ ಕಿವಿ ಎಚ್ಚರಗೊಳ್ಳುವುದಿಲ್ಲ.

ಇನ್ನು ತಪ್ಪುಗಳ ಬಗೆ. ಮೊದಲನೆಯದು ಸಂಖ್ಯೆಗೆ ಸಂಬಂಧಿಸಿದುದು. ‘ಮೇಜಿನ ಮೇಲೆ ಹತ್ತು ಪುಸ್ತಕ ಇದೆ’ ಎಂಬುದು ಕನ್ನಡದಲ್ಲಿ ಸಹಜವಾದ ಮಾತು. ಮನುಷ್ಯೇತರ ವಸ್ತುವಿನ ಹಿಂದೆ ಸಂಖ್ಯಾವಾಚಕ ಬಂದಾಗ ಬಹುತ್ವವು ಸಂಖ್ಯೆಯಿಂದಲೇ ತಿಳಿಯುತ್ತದೆ. ನಾಮಪದಕ್ಕೂ ಕ್ರಿಯಾಪದಕ್ಕೂ ಬಹುವಚನವು ಅನಿವಾರ್ಯವಲ್ಲ. ಗ್ರಾಂಥಿಕ ಕನ್ನಡವು ‘ಪುಸ್ತಕಗಳಿವೆ’ ಎಂದರೂ ಮನೆಮಾತು ‘ಇದೆ’ ಎಂದೇ ಹೇಳುತ್ತದೆ. ಈ ಅಭ್ಯಾಸದಿಂದ ‘ಟೆನ್ ಬುಕ್ಸ್ ಈಸ್ ದೇರ್’ ಎಂಬ ವಾಕ್ಯ ಹುಟ್ಟುತ್ತದೆ. ಆದರೆ ಇದೇ ಅಭ್ಯಾಸವು ಇನ್ನೊಂದೆಡೆ ನೆರವಿಗೂ ಬರುತ್ತದೆ. ‘ಐದು ಸಾವಿರ ರೂಪಾಯಿ ದೊಡ್ಡ ಮೊತ್ತ’ ಎಂಬಲ್ಲಿ ಕನ್ನಡಿಗನು ಹಣವನ್ನು ಒಂದೇ ರಾಶಿಯಾಗಿ ಎಣಿಸುತ್ತಾನೆ. ಇಂಗ್ಲಿಷೂ ಇಲ್ಲಿ ‘ಫೈವ್ ಥೌಸಂಡ್ ರುಪೀಸ್ ಈಸ್’ ಎಂದು ಏಕವಚನವನ್ನೇ ಬಯಸುತ್ತದೆ.

ಎರಡನೆಯದು ಗೌರವಕ್ಕೆ ಸಂಬಂಧಿಸಿದುದು. ‘ತಂದೆಯವರು ಬಂದಿದ್ದಾರೆ’ ಎಂದು ಆಡುವವನಿಗೆ ‘ಮೈ ಫಾದರ್ ಹ್ಯಾಸ್ ಕಮ್’ ಎಂಬುದು ಹಿರಿಯರನ್ನು ಏಕವಚನದಲ್ಲಿ ಕರೆದಂತೆ ತೋರುತ್ತದೆ. ಆದುದರಿಂದ ಅರಿವಿಲ್ಲದೆಯೇ ‘ಹ್ಯಾವ್’ ಬರುತ್ತದೆ. ಇಂಗ್ಲಿಷಿಗೂ ಗೌರವದ ಬಹುವಚನ ಒಂದು ಕಾಲದಲ್ಲಿ ಅಪರಿಚಿತವಾಗಿರಲಿಲ್ಲ. ‘ದೌ’ ಎಂಬ ಏಕವಚನದ ಸ್ಥಾನದಲ್ಲಿ ‘ಯೂ’ ಎಂಬ ಬಹುವಚನವನ್ನು ಮರ್ಯಾದೆಗಾಗಿ ಬಳಸುತ್ತ ಬಂದು, ಕಡೆಗೆ ‘ದೌ’ ಮಾಯವಾಯಿತು. ಎದುರಿಗೆ ಒಬ್ಬನೇ ಇದ್ದರೂ ‘ಯೂ ಆರ್’ ಎನ್ನುವುದು ಆ ಮರ್ಯಾದೆಯ ಅವಶೇಷವೇ. ಆದರೆ ಎದುರಿಗಿಲ್ಲದವರ ವಿಷಯದಲ್ಲಿ ಆ ಭಾಷೆ ಬಹುವಚನದ ಗೌರವವನ್ನು ತೋರುವುದಿಲ್ಲವೆಂಬುದನ್ನು ಕಲಿಯುವವನು ನೆನಪಿಡಬೇಕು.

ಮೂರನೆಯದು ಪದಗಳ ಕ್ರಮಕ್ಕೆ ಸಂಬಂಧಿಸಿದುದು. ಸುಶಿಕ್ಷಿತರೂ ಎಡವುವುದು ಇಲ್ಲಿಯೇ. ‘ದಿ ಲಿಸ್ಟ್ ಆಫ್ ಡಾಕ್ಯುಮೆಂಟ್ಸ್ ಸಬ್ಮಿಟೆಡ್ ಬೈ ದಿ ಕಸ್ಟಮರ್ಸ್’ ಎಂದು ಬರೆದ ಮೇಲೆ ಲೇಖನಿ ‘ಆರ್’ ಎಂಬುದರತ್ತ ಓಡುತ್ತದೆ. ಇಂಗ್ಲಿಷಿನಲ್ಲಿ ಇಂತಹ ವಿಶೇಷಣಗಳು ಮುಖ್ಯಪದದ ಹಿಂದೆ ನಿಲ್ಲದೆ ಅದರ ಅನಂತರ ಬರುತ್ತವೆ. ಹೀಗೆ ಕರ್ತೃವಿಗೂ ಕ್ರಿಯೆಗೂ ನಡುವೆ ಬೇರೆ ನಾಮಪದಗಳು ಸೇರಿಕೊಳ್ಳುತ್ತವೆ. ಕನ್ನಡದ ಕ್ರಮ ಇದಕ್ಕೆ ವಿರುದ್ಧ: ‘ಗ್ರಾಹಕರು ಸಲ್ಲಿಸಿದ ದಾಖಲೆಗಳ ಪಟ್ಟಿ ಸಿಕ್ಕಿದೆ.’ ಎಲ್ಲ ವಿಶೇಷಣಗಳೂ ಮುಂಚೆಯೇ ಬಂದು, ಕರ್ತೃವಾದ ‘ಪಟ್ಟಿ’ ಕೊನೆಗೆ, ಕ್ರಿಯೆಯ ಮಗ್ಗುಲಲ್ಲಿ ನಿಂತಿದೆ. ಸಮೀಪದ ನಾಮಪದವನ್ನೇ ಕರ್ತೃವೆಂದು ನಂಬುವುದು ಇಂತಹ ಕನ್ನಡ ವಾಕ್ಯದಲ್ಲಿ ಸರಿ; ಇಂಗ್ಲಿಷಿನಲ್ಲಿ ಅದೇ ನಂಬಿಕೆ ಮೋಸಮಾಡುತ್ತದೆ. ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳವರೂ ಉದ್ದವಾದ ವಾಕ್ಯಗಳಲ್ಲಿ ಹೀಗೆ ತಪ್ಪುವುದುಂಟು.

ಒಂದು ಭಾಷೆಯ ನಿಯಮವು ಇನ್ನೊಂದರೊಳಗೆ ಹೀಗೆ ನುಸುಳುವುದು ಇಂಗ್ಲಿಷು ಕಲಿಯುವವರಲ್ಲಿ ಮಾತ್ರ ಕಾಣುವ ಸಂಗತಿಯಲ್ಲ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ, ಭಾಷಾಶಾಸ್ತ್ರದ ಗ್ರಂಥಗಳಲ್ಲಿ ಕುಪ್ವಾರ್ ಎಂದು ಪ್ರಸಿದ್ಧವಾದ ಗ್ರಾಮವು ಇದಕ್ಕೆ ನಿದರ್ಶನ. ಅಲ್ಲಿ ಕನ್ನಡ, ಮರಾಠಿ, ಉರ್ದು ಭಾಷೆಗಳು ಶತಮಾನಗಳಿಂದ ಒಟ್ಟಿಗೆ ಬಾಳಿವೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು ಆ ಊರಿನ ಮಾತನ್ನು ಪರಿಶೀಲಿಸಿ ೧೯೭೧ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ನದಿ ಎಂಬ ಶಬ್ದ ಉರ್ದುವಿನಲ್ಲಿಯೂ ಮರಾಠಿಯಲ್ಲಿಯೂ ಸ್ತ್ರೀಲಿಂಗ; ನದಿಗೆ ನೆರೆ ಬಂದಿತೆನ್ನಲು ಕ್ರಿಯಾಪದವೂ ಸ್ತ್ರೀಲಿಂಗದಲ್ಲಿಯೇ ಇರಬೇಕು. ಆದರೆ ಕುಪ್ವಾರಿನ ಉರ್ದುವಿನಲ್ಲಿ ‘ಆಯೀ’ ಎಂಬುದರ ಬದಲು ‘ಆಯಾ’ ಎನ್ನುತ್ತಾರೆ. ಅಲ್ಲಿಯ ಮರಾಠಿ ನಪುಂಸಕರೂಪವನ್ನು ಬಳಸುತ್ತದೆ. ಗಂಡಸಿಗೆ ಪುಲ್ಲಿಂಗ, ಹೆಂಗಸಿಗೆ ಸ್ತ್ರೀಲಿಂಗ, ಉಳಿದುದೆಲ್ಲ ಬೇರೊಂದು ವರ್ಗ ಎಂಬ ಕನ್ನಡದ ವ್ಯವಸ್ಥೆಯೇ ನೆರೆಯ ಭಾಷೆಗಳಿಗೆ ಮಾದರಿಯಾಗಿದೆ. ಅಲ್ಲಿ ಇದನ್ನು ಯಾರ ಅಜ್ಞಾನವೆಂದೂ ಎಣಿಸುವಂತಿಲ್ಲ. ಮುಂಬಯಿಯ ಕನ್ನಡ ಮನೆಯ ಮಗುವಿನ ಸ್ಥಿತಿಯೂ ಇದಕ್ಕೆ ದೂರವಲ್ಲ. ‘ರಾಮನು ರೊಟ್ಟಿಯನ್ನು ತಿಂದನು’ ಎಂಬಲ್ಲಿ ಕ್ರಿಯೆಯು ರಾಮನನ್ನು ಅನುಸರಿಸುತ್ತದೆ. ‘ರಾಮ್ ನೇ ರೋಟೀ ಖಾಯೀ’ ಎಂಬ ಹಿಂದಿಯಲ್ಲಿ ರೊಟ್ಟಿಯನ್ನು ಅನುಸರಿಸುತ್ತದೆ, ಮರಾಠಿಯಲ್ಲಿಯೂ ಹಾಗೆಯೇ. ಇಂಗ್ಲಿಷಿನ ‘ಏಟ್’ ಯಾರನ್ನೂ ಅನುಸರಿಸುವುದಿಲ್ಲ. ಇಷ್ಟು ಪದ್ಧತಿಗಳನ್ನು ಬೀದಿ, ಮನೆ, ಶಾಲೆಗಳಲ್ಲಿ ದಿನವೂ ನಿಭಾಯಿಸುವ ಮಗುವನ್ನು ಒಂದು ‘ಸ್’ ಬಿಟ್ಟಿತೆಂಬ ಕಾರಣಕ್ಕೆ ದಡ್ಡನೆನ್ನುವುದು ನ್ಯಾಯವಲ್ಲ.

ಹಾಗಾದರೆ ಪರಿಹಾರವೇನು? ಕನ್ನಡವನ್ನು ಮರೆಯುವುದಲ್ಲ, ಅದನ್ನೇ ಒರೆಗಲ್ಲಾಗಿ ಬಳಸುವುದು. ಸಂದೇಹ ಬಂದ ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡಿಸಿ, ‘ಯಾರು, ಯಾವುದು’ ಎಂದು ಕ್ರಿಯೆಯನ್ನು ಕೇಳಬೇಕು. ‘ಗಳ, ರಲ್ಲಿ, ಒಡನೆ’ ಮುಂತಾದ ಪ್ರತ್ಯಯಗಳನ್ನು ಹೊತ್ತ ಪದಗಳು ತಾವಾಗಿಯೇ ಬದಿಗೆ ಸರಿಯುತ್ತವೆ. ಪ್ರಥಮಾವಿಭಕ್ತಿಯಲ್ಲಿ ಉಳಿದುದೇ ಕರ್ತೃ. ‘ಗ್ರಾಹಕರ ಸಂಖ್ಯೆ ಹೆಚ್ಚಿದೆ’ ಎಂಬಲ್ಲಿ ಉಳಿಯುವುದು ‘ಸಂಖ್ಯೆ’. ಆದುದರಿಂದ ‘ದಿ ನಂಬರ್ ಆಫ್ ಕಸ್ಟಮರ್ಸ್ ಹ್ಯಾಸ್’. ‘ಅನೇಕ ಗ್ರಾಹಕರು ಬಂದಿದ್ದಾರೆ’ ಎಂಬಲ್ಲಿ ಉಳಿಯುವುದು ‘ಗ್ರಾಹಕರು’. ಆದುದರಿಂದ ‘ಎ ನಂಬರ್ ಆಫ್ ಕಸ್ಟಮರ್ಸ್ ಹ್ಯಾವ್’. ‘ರಸೀದಿಗಳೊಡನೆ ಪತ್ರ ಬಂದಿದೆ’ ಎಂದಾಗ ರಸೀದಿಗಳು ಎಷ್ಟಿದ್ದರೂ ಪತ್ರ ಒಂದೇ. ‘ಜಾಮೀನುದಾರರಲ್ಲಿ ಪ್ರತಿಯೊಬ್ಬನೂ ಹೊಣೆಗಾರನು’ ಎಂದಾಗ ‘ಈಚ್’ ಎಂಬುದಕ್ಕೆ ‘ಈಸ್’ ಏಕೆ ಬರಬೇಕೆಂಬುದು ತಾನೇ ಸ್ಪಷ್ಟವಾಗುತ್ತದೆ. ಈ ಪರೀಕ್ಷೆ ಸೋಲುವುದು ಮೇಲೆ ಹೇಳಿದ ಎರಡು ಸ್ಥಳಗಳಲ್ಲಿ, ಎಂದರೆ ಸಂಖ್ಯೆಯೊಡನೆ ಬಂದ ವಸ್ತುಗಳಲ್ಲಿಯೂ ಗೌರವದ ಬಹುವಚನದಲ್ಲಿಯೂ. ಅವನ್ನು ಪ್ರತ್ಯೇಕವಾಗಿ ಅಭ್ಯಾಸಮಾಡಬೇಕು.

ಇಂಗ್ಲಿಷು ತಾನೇ ಒಮ್ಮತಕ್ಕೆ ಬಾರದ ಸ್ಥಳಗಳೂ ಇವೆ. ಸಮಿತಿ, ಸರಕಾರ ಮುಂತಾದ ಸಮೂಹವಾಚಕಗಳಿಗೆ ಬ್ರಿಟಿಷರು ಬಹುವಚನದ ಕ್ರಿಯೆಯನ್ನೂ ಬಳಸುತ್ತಾರೆ. ಅಮೆರಿಕನ್ನರು ಸಾಮಾನ್ಯವಾಗಿ ಏಕವಚನವನ್ನೇ ಇಡುತ್ತಾರೆ. ದಾಸ್ಯವನ್ನು ರದ್ದುಗೊಳಿಸಿದ ೧೮೬೫ರ ಅಮೆರಿಕದ ತಿದ್ದುಪಡಿಯು ಸಂಯುಕ್ತ ಸಂಸ್ಥಾನಗಳನ್ನು ‘ದೇರ್’ ಎಂಬ ಬಹುವಚನ ಸರ್ವನಾಮದಿಂದ ನಿರ್ದೇಶಿಸಿದೆ; ಇಂದು ಅಲ್ಲಿಯವರು ತಮ್ಮ ದೇಶಕ್ಕೆ ‘ಈಸ್’ ಎನ್ನುತ್ತಾರೆ. ಭಾರತದ ಕಾನೂನಂತೂ ಈ ವಿಷಯದಲ್ಲಿ ಉದಾರವಾಗಿದೆ. ಪ್ರಕರಣಕ್ಕೆ ವಿರುದ್ಧವಾಗದಿದ್ದರೆ ಅಧಿನಿಯಮಗಳಲ್ಲಿ ಏಕವಚನವು ಬಹುವಚನವನ್ನೂ, ಬಹುವಚನವು ಏಕವಚನವನ್ನೂ ಒಳಗೊಳ್ಳುತ್ತದೆಂದು ೧೮೯೭ರ ಜನರಲ್ ಕ್ಲಾಸಸ್ ಆ್ಯಕ್ಟಿನ ೧೩ನೆಯ ಕಲಮು ಹೇಳುತ್ತದೆ. ಕೂಡಿ ವಚನಕೊಟ್ಟವರಲ್ಲಿ ಯಾರೊಬ್ಬನಿಂದಲಾದರೂ, ಬೇರೆ ಒಪ್ಪಂದವಿಲ್ಲದಿದ್ದರೆ, ಪೂರ್ತಿ ನೆರವೇರಿಕೆಯನ್ನು ಪಡೆಯಬಹುದೆಂದು ೧೮೭೨ರ ಕರಾರು ಅಧಿನಿಯಮದ ೪೩ನೆಯ ಕಲಮು ವಿಧಿಸುತ್ತದೆ. ಅಲ್ಲಿ ಹೊಣೆಯನ್ನು ನಿರ್ಧರಿಸುವುದು ಕ್ರಿಯಾಪದದ ವಚನವಲ್ಲ. ಕಾನೂನು ಇಷ್ಟು ಸಡಿಲಬಿಟ್ಟುದನ್ನು ಕೆಲಸ ಕೊಡುವವರು ಬಿಡುವುದಿಲ್ಲವಾದ್ದರಿಂದ ನಿಯಮವನ್ನು ಕಲಿಯಲೇಬೇಕು.

ಕಲಿಸುವವರು ಮಾತ್ರ ಒಂದು ವಿಷಯವನ್ನು ಗಮನದಲ್ಲಿಡುವುದು ಒಳ್ಳೆಯದು. ತಪ್ಪಿನ ಕೆಳಗೆ ಕೆಂಪು ಗೆರೆ ಎಳೆದು ಬಿಟ್ಟರೆ ವಿದ್ಯಾರ್ಥಿಗೆ ತನ್ನ ಅಜ್ಞಾನವೊಂದೇ ಕಾಣುತ್ತದೆ. ಅದು ಕನ್ನಡದ ಯಾವ ನಿಯಮದಿಂದ ಬಂದಿತೆಂದು ತೋರಿಸಿದರೆ ಎರಡು ಭಾಷೆಗಳೂ ಒಟ್ಟಿಗೆ ತಿಳಿಯುತ್ತವೆ. ಹೊರನಾಡಿನಲ್ಲಿ ಬೆಳೆಯುವ ಮಕ್ಕಳಿಗೆ ಕನ್ನಡ ವ್ಯಾಕರಣವೇತಕ್ಕೆಂದು ಕೇಳುವ ತಂದೆತಾಯಿಗಳಿಗೆ ಕೊಡಬಹುದಾದ ಉತ್ತರಗಳಲ್ಲಿ ಇದೂ ಒಂದು.