ಹಳೆಯ ಬಣ್ಣದ ಬಾಕಿ



ಚೌತಿ ಹತ್ತಿರ ಬಂತೆಂದರೆ ಇತ್ತ ಮಾಜಾಳಿ, ಅತ್ತ ಕಾಣಕೋಣ, ಎಲ್ಲ ಕಡೆಯೂ ಬಾಗಿಲು ಕಿಟಕಿ ಉಜ್ಜಿ ಬಣ್ಣ ಹಚ್ಚುವ ಗಡಿಬಿಡಿ. ಹೋದ ವರ್ಷ ನಾನೂ ಗೋವೆಯ ನಮ್ಮ ಹಳೆಯ ಮನೆಯ ಕಿಟಕಿಗಳನ್ನು ಉಜ್ಜಿಸಿದೆ. ನೆಲದ ತುಂಬ ಬಣ್ಣದ ಧೂಳು. ಅದರಲ್ಲೇ ಅಂಬೆಗಾಲಿಡುತ್ತಿದ್ದ ಮೊಮ್ಮಗಳು ಬೆರಳು ಚೀಪುತ್ತಿದ್ದಳು. ನಾನು ನೋಡುತ್ತ ಚಹಾ ಕುಡಿಯುತ್ತಿದ್ದೆ. ಅಂದು ನನಗೆ ತಿಳಿಯದಿದ್ದ ಸಂಗತಿಯನ್ನು ಇಂದು ನಿಮಗೆ ಹೇಳುತ್ತೇನೆ.

ಹಳೆಯ ಎಣ್ಣೆಬಣ್ಣಗಳಲ್ಲಿ, ಅದರಲ್ಲೂ ಹಳದಿ ಕೆಂಪುಗಳಲ್ಲಿ, ಸೀಸ ಬೆರೆಸುತ್ತಿದ್ದರು. ಬಣ್ಣ ಹೊಳೆಯುತ್ತದೆ, ಬೇಗ ಒಣಗುತ್ತದೆ. ಆದರೆ ಹೊಟ್ಟೆಗೆ ಹೋದ ಸೀಸವನ್ನು ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಅದು ಎಲುಬಿನಲ್ಲಿ ಕೂತು, ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಜ್ವರವಿಲ್ಲ, ಕೆಮ್ಮಿಲ್ಲ, ಓದಿನಲ್ಲಿ ಹಿಂದೆ ಬಿದ್ದ ಮಗುವನ್ನು ನಾವು 'ದಡ್ಡ' ಎಂದು ಬೈಯುತ್ತೇವೆ. ಇಷ್ಟು ಸೀಸವಿದ್ದರೆ ಅಪಾಯವಿಲ್ಲ ಎಂಬ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಸರ್ಕಾರ ಸುಮ್ಮನೆ ಕೂತಿಲ್ಲ. 1999ರಲ್ಲಿ ಬೆಂಗಳೂರಿನಲ್ಲಿ ಈ ವಿಷಯದ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 2000ದ ಫೆಬ್ರುವರಿಯಿಂದ ದೇಶದಲ್ಲೆಲ್ಲ ಸೀಸ ಬೆರೆಸದ ಪೆಟ್ರೋಲ್ ಬಂತು. ಬಣ್ಣದ ನಿಯಮ 2016ರಲ್ಲಿ ಬಂದು, 2017ರ ನವೆಂಬರ್‌ನಿಂದ ಜಾರಿಯಾಯಿತು: ಮನೆಬಳಕೆಯ ಬಣ್ಣದಲ್ಲಿ ಹತ್ತು ಲಕ್ಷ ಪಾಲಿಗೆ 90 ಪಾಲಿಗಿಂತ ಹೆಚ್ಚು ಸೀಸ ಇರಕೂಡದು, ಹಾಗೆಂದು ಡಬ್ಬಿಯ ಮೇಲೆ ಬರೆದಿರಬೇಕು.

ಬ್ಯಾಂಕಿನಲ್ಲಿ ದುಡಿದವನ ಮಾತು ಕೇಳಿ. ಹೊಸ ನಿಯಮ ಹೊಸ ಖಾತೆಗೆ. ಹಳೆಯ ಬಾಕಿ ಹಾಗೇ ಉಳಿಯುತ್ತದೆ. ಈ ಕಾನೂನು ಅಂಗಡಿಯ ಡಬ್ಬಿಗೆ ಅನ್ವಯಿಸುತ್ತದೆ, ನಿಮ್ಮ ಕಿಟಕಿಯ ಮೇಲೆ ಆಗಲೇ ಇರುವ ಬಣ್ಣಕ್ಕಲ್ಲ. ಕಾರ್ಖಾನೆಗಳಲ್ಲಿ ಬಳಸುವ ಬಣ್ಣಕ್ಕೂ ಅಲ್ಲ. ಉಳಿದದ್ದೆಂದು ಯಾರಾದರೂ ಕೊಟ್ಟರೆ ಅದನ್ನು ತೊಟ್ಟಿಲಿಗೆ ಹಚ್ಚಬೇಡಿ.

ಆದ್ದರಿಂದ ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಬೇಡಿ, ಸುಡಲೂ ಬೇಡಿ. ನೀರು ಹಾಕಿ ಕೆರೆಯಿರಿ. ಕೆಲಸ ಮುಗಿಯುವ ತನಕ ಮಕ್ಕಳನ್ನೂ ಬಸುರಿಯರನ್ನೂ ದೂರವಿಡಿ. ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಬಣ್ಣದ ಕೆಲಸಕ್ಕೆ ಹೋಗುವ ಅಣ್ಣಂದಿರೇ, ಮೈ ತೊಳೆದು, ಬಟ್ಟೆ ಬದಲಿಸಿ, ಆಮೇಲೆ ಕೂಸನ್ನು ಎತ್ತಿಕೊಳ್ಳಿ. ನಿಮ್ಮೂರಿನ ಅಂಗನವಾಡಿಗೆ ಬಣ್ಣ ಬಳಿಯುವ ಮುನ್ನ, ಡಬ್ಬಿಯ ಮೇಲೆ ಏನು ಬರೆದಿದೆ ಎಂದು ಪಂಚಾಯತಿಯವರನ್ನು ಕೇಳಿ. ಸಂಶಯವಿದ್ದರೆ ಡಾಕ್ಟರರಲ್ಲಿ ಮಗುವಿನ ರಕ್ತದ ಸೀಸದ ಪರೀಕ್ಷೆಯ ಬಗ್ಗೆ ವಿಚಾರಿಸಿ.

ಮೊಮ್ಮಗಳ ರಕ್ತ ಪರೀಕ್ಷೆ ಮಾಡಿಸಿದೆವು. ಕೆಲಸ ನಡೆದದ್ದು ಒಂದೇ ದಿನವಾದ್ದರಿಂದ ಬಚಾವಾದೆವು. ಈ ಚೌತಿಗೆ ನಿಮ್ಮ ಮನೆಯಲ್ಲಿ ಬಕೆಟ್ ನೀರು ಮೊದಲು ಬರಲಿ, ಉಜ್ಜುವ ಕಾಗದ ಆಮೇಲೆ.